ಕೂದಲೆಳೆಯಷ್ಟು ಅಂಚು

ಫೆಬ್ರವರಿ 3

ಮೊಂಡನಿಗೆ ಅಕ್ಕನ ಆಶೀರ್ವಾದ.

ಆಶೀರ್ವಾದ ಅಂತ ಬರೆದದ್ದು ರೂಢಿಗೆ. ಕೈಗೆ ಸಿಕ್ಕಿದ್ರೆ ಕಿವಿ ಹಿಂಡಿ ಕೈಗೆ ಕೊಡ್ತಿದ್ದೆ. ನೀನು ದವಡೆ ಮುರಿದ ಆ ಮನೆ ಮಾಲೀಕನ ಮಗ ಇನ್ನೂ ಹಾಲು ಕುಡ್ಕೊಂಡೇ ಜೀವ ಹಿಡಿದಿದಾನೆ. ಬಾಯಿಗೆ ತಂತಿ ಹಾಕಿ ಬಿಗಿದಿದಾರಂತೆ. ಅವನ ಅಮ್ಮ ದಿನಾ ನಮ್ಮ ಬಾಗಿಲ ಮುಂದೆ ನಿಂತು ನಿನ್ನ ಹೆಸರಿಗೆ ಮಣ್ಣು ತೂರಿ ಹೋಗ್ತಾಳೆ. ನಾನು ಬಾಯಿ ಮುಚ್ಕೊಂಡು ಕೇಳಿಸ್ಕೊಳ್ತೀನಿ. ಏನು ಹೇಳಲಿ? "ಪೋಕರಲ್ಲಿ ನೀನು ಗೆದ್ದಿದ್ದು ಅದೃಷ್ಟದಿಂದ" ಅಂದನಂತೆ, ಅಷ್ಟಕ್ಕೇ ನಮ್ಮ ಹುಡುಗ ಕುರ್ಚಿ ಎತ್ತಿ ಬೀಸಿದ, ಅಂತ ಹೇಳಲಾ?

ಅದೃಷ್ಟ ಅಂದ್ರೆ ಅಷ್ಟು ಅವಮಾನವೇನೋ ನಿನಗೆ?

ಪೊಲೀಸರು ಎರಡು ಸಲ ಬಂದು ಹೋದ್ರು. ನೀನೆಲ್ಲಿದೀಯ ಅಂತ ನನಗೆ ಗೊತ್ತಿಲ್ಲ ಅಂದಿದೀನಿ. ನೀನಿರೋ ಕಲ್ಲು ಕ್ವಾರಿಯ ವಿಳಾಸವನ್ನ ಅಕ್ಕಿ ಡಬ್ಬಿಯೊಳಗೆ ಇಟ್ಟಿದೀನಿ. ಒಂದು ವರ್ಷ ಅಲ್ಲೇ ಬಿದ್ದಿರು. ಯಾರ ಮೇಲೂ ಕೈ ಎತ್ತಬೇಡ.

ಇದರ ಜೊತೆ ಒಂದು ಕಟ್ಟು ಇಸ್ಪೀಟು ಕಳಿಸ್ತಿದೀನಿ. ಬೇಡ ಅಂದ್ರೆ ನೀನೇನು ಬಿಡೋನಲ್ಲ, ಕೊಳಕು ಎಲೆಗಳಲ್ಲಿ ಆಡಿ ಜಗಳ ಮಾಡ್ಕೊಳ್ಳೋದಕ್ಕಿಂತ ಇದು ವಾಸಿ. ನಮ್ಮ ಕಾರ್ಖಾನೆಯದ್ದೇ, ನಾನೇ ಕತ್ತರಿಸಿದ್ದು. ಪೆಟ್ಟಿಗೆ ಮೇಲಿನ ಅಚ್ಚು ತಲೆಕೆಳಗಾಗಿದೆ ಅಂತ ಪಕ್ಕಕ್ಕೆ ಹಾಕಿದ್ರು. ಒಳಗಿನ ಎಲೆಗಳಿಗೆ ಏನೂ ಆಗಿಲ್ಲ.

ಕತ್ತರಿಸೋವಾಗ ಹಾಳೆ ಸರಿಯದ ಹಾಗೆ ಹಿಡಿಯೋ ಮಷೀನಿನ ಹಿಂದಿನ ತಡೆಪಟ್ಟಿ ಒಂದು ತಿಂಗಳಿಂದ ಅಲ್ಲಾಡ್ತಿದೆ. ಫಿಟ್ಟರನ್ನ ಕರೆದ್ರೆ ಎರಡು ದಿನ ಮಷೀನು ನಿಲ್ಲುತ್ತೆ, ಸೂಪರ್‌ವೈಸರ್ ಮೈ ಪರಚ್ಕೊಳ್ತಾನೆ. ಹಾಳಾದ ಒಂದು ಎಲೆ ಮಡಚಿ ಸಂದಿಗೆ ಸಿಕ್ಕಿಸಿದೀನಿ. ಕಲ್ಲಿನ ಥರ ನಿಂತಿದೆ. ಹತ್ತೊಂಬತ್ತು ವರ್ಷ ಬ್ಲೇಡಿನ ಬಾಯಲ್ಲಿ ಕೈ ಇಟ್ಟು ಹತ್ತು ಬೆರಳನ್ನೂ ಮನೆಗೆ ತಂದವಳು ನಾನು. ಕೈಚಳಕ ಅಂದ್ರೆ ಇದು ಕಣೋ, ನಿನ್ನ ಜೂಜಲ್ಲ.

ನಿನ್ನಕ್ಕ

---

ಫೆಬ್ರವರಿ 20

ಅಕ್ಕಾ,

ಕಟ್ಟು ಬಂತು. ಎಲೆಗಳ ಬೆನ್ನಿನ ಆ ನೀಲಿ ಬಳ್ಳಿ ಚಿತ್ತಾರ ನೋಡಿದ ತಕ್ಷಣ ನಮ್ಮ ಅಡುಗೆಮನೆ ಕಣ್ಣಿಗೆ ಕಟ್ತು. ಹಾಳಾದ ಎಲೆಗಳನ್ನ ನೀನು ಮೂಟೆಗಟ್ಟಲೆ ಮನೆಗೆ ತರ್ತಿದ್ದೆ, ಅಂಚು ಸರಿ ಇರೋದು ಒಂದು ಕಡೆ, ಸೊಟ್ಟಗಿರೋದು ಒಂದು ಕಡೆ, ನಾನು ಕೂತು ಆರಿಸಬೇಕಿತ್ತು. ಆರಿಸಿ ಆರಿಸಿ ರಾತ್ರಿ ಕನಸಲ್ಲೂ ಅಂಚೇ ಬರ್ತಿತ್ತು!

ಇಲ್ಲಿನ ಸಂಗತಿ ಹೇಳ್ತೀನಿ, ಹೆದರಬೇಡ. ಬಂಡೆಗೆ ದಿನಾ ಹನ್ನೆರಡು ಕುಳಿ ಕೊರೀತೀವಿ. ಮದ್ದು ತುಂಬಿ, ಬತ್ತಿ ಹಚ್ಚಿ, ಓಡಿ ಬಂದು ಎಣಿಸ್ತೀವಿ. ಹನ್ನೆರಡು ಸದ್ದು ಕೇಳಿಸಿದ್ರೆ ಸರಿ. ಹನ್ನೊಂದೇ ಕೇಳಿಸಿದ್ರೆ ಒಂದು ಕುಳಿ ಇನ್ನೂ ಜೀವ ಹಿಡ್ಕೊಂಡಿದೆ ಅಂತ ಲೆಕ್ಕ. ಅರ್ಧ ಗಂಟೆ ಕಾದು ಯಾರಾದ್ರೂ ಒಬ್ಬರು ಹೋಗಿ ಅದನ್ನ ಹುಡುಕಿ, ನೀರು ಹೊಯ್ದು, ಮದ್ದು ಕೆದಕಿ ತೆಗೀಬೇಕು. ವಾರಕ್ಕೊಂದು ಸಲ ಹೀಗಾಗುತ್ತೆ. ನಾನು ಬರೋ ಮೊದಲು ಹೋದವನ ಬೂಟು ಮಾತ್ರ ಸಿಕ್ತಂತೆ, ಒಳಗೆ ಪಾದ ಇತ್ತಂತೆ.

ನಮ್ಮ ಗುಂಪಲ್ಲಿ ನಾಲ್ಕು ಜನ. ಒಬ್ಬ ಮೀಸೆ. ಆಳು ಬಾಗಿಲಷ್ಟು ಅಗಲ, ಕೋಪ ಮೂಗಿನ ತುದೀಲಿ. ಇನ್ನೊಬ್ಬ ಡೋಲು, ಹೊಟ್ಟೆ ಕುಣಿಸ್ಕೊಂಡು ನಗೋನು. ಮೂರನೆಯವನು ಕನ್ನಡಕ. ಹಿಂದೆ ಎಲ್ಲೋ ಪಾಠ ಹೇಳ್ತಿದ್ದನಂತೆ, ಯಾಕೆ ಬಿಟ್ಟ ಅಂತ ಹೇಳಲ್ಲ. ನಾಲ್ಕನೆಯವನು ನಾನು. ಯಾರು ಹೋಗಬೇಕು ಅನ್ನೋದಕ್ಕೆ ಮೊದಲು ಪಾಳಿ ಇತ್ತು. ಮೀಸೆಯ ಪಾಳಿ ಬಂದಾಗ ಅವನು ಡೋಲುವಿನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿ "ನೀನು ಹೋಗು" ಅಂತಿದ್ದ. ಹೋಗದಿದ್ರೆ ಹಾರೆಯ ಹಿಡಿಯಲ್ಲಿ ಬೆನ್ನಿಗೆ ಬಾರಿಸ್ತಿದ್ದ. ಮೊದಲ ವಾರ ನಾನೂ ಅವನ ಮೇಲೆ ಬಿದ್ದೆ. ನನ್ನ ಎರಡು ಹಲ್ಲು ಹೋಯ್ತು, ಅವನ ಹುಬ್ಬು ಸೀಳ್ತು.

(ಯಾರ ಮೇಲೂ ಕೈ ಎತ್ತಬೇಡ ಅಂತ ನೀನು ಬರೆದ ಪತ್ರ ಆಮೇಲೆ ಬಂತು.)

ನಿನ್ನ ಕಟ್ಟು ಬಂದ ದಿನ ನಾನೇ ಒಂದು ದಾರಿ ಹೇಳಿದೆ. ಮಧ್ಯಾಹ್ನ ಊಟ ಆದ ಮೇಲೆ ಪೋಕರ್ ಆಡೋಣ. ಪಣಕ್ಕೆ ದುಡ್ಡಿನ ಬದಲು ತಲೆಗೆ ಇಪ್ಪತ್ತು ಬೆಂಕಿಕಡ್ಡಿ. ಯಾರ ಕಡ್ಡಿ ಮೊದಲು ಖಾಲಿ ಆಗುತ್ತೋ ಅವತ್ತು ಅವನೇ ಹೋಗೋದು. ಮೀಸೆ ಒಪ್ಪಿದ. ಇಸ್ಪೀಟಿನ ಮಾತಿಗೆ ಅವನು ತಪ್ಪಲ್ಲ, ಅದೊಂದು ಗುಣ ಇದೆ ಆ ಎಮ್ಮೆಗೆ. ಅವತ್ತಿಂದ ಹೊಡೆದಾಟ ನಿಂತಿದೆ.

ನಿನ್ನ ಕಟ್ಟಿನಿಂದ ಇಲ್ಲಿ ನ್ಯಾಯ ಬಂತು ಕಣಕ್ಕಾ.

ಮೊಂಡ

---

ಮಾರ್ಚ್ 6

ಮೊಂಡ,

ನಿನ್ನ ಪತ್ರ ಎರಡೆರಡು ಸಲ ಓದಿದೆ. ಜೀವ ಇಟ್ಟು ಎಲೆ ಆಡ್ತೀರಾ? ಅದನ್ನ ನ್ಯಾಯ ಅಂತ ಬೇರೆ ಬರೀತೀಯ! ಬೇರೆ ಕಡೆ ಕೆಲಸ ಹುಡುಕು. ಲಾರಿ ತೊಳಿ, ಮೂಟೆ ಹೊರು, ಏನಾದ್ರೂ ಮಾಡು.

ನಿನಗೆ ಇಪ್ಪತ್ತು ಕಡ್ಡಿ, ಅವರಿಗೂ ಇಪ್ಪತ್ತು. ನಾಲ್ಕು ದಿನಕ್ಕೊಂದು ಸಲ ನಿನ್ನ ತಲೆಗೆ ಬಂದೇ ಬರುತ್ತೆ. ಕಲಸಿದ ಎಲೆಗೆ ನೀನು ಜಾಣ ಅಂತ ಗೊತ್ತಾ? ನಾನು ದಿನಕ್ಕೆ ಎರಡು ಸಾವಿರ ಕಟ್ಟು ಕತ್ತರಿಸ್ತೀನಿ. ಎಕ್ಕ ಯಾರ ಮನೆಗೆ ಹೋಗುತ್ತೆ, ದುಗ್ಗಿ ಯಾರ ಮನೆಗೆ ಹೋಗುತ್ತೆ ಅಂತ ನನಗೇ ಗೊತ್ತಿಲ್ಲ.

ಇಲ್ಲೂ ಸುಖ ಇಲ್ಲ. ನಿನ್ನೆ ಪಕ್ಕದ ಮಷೀನಿನವಳ ಜಡೆ ರೋಲರಿಗೆ ಸಿಕ್ಕಿ ಅರ್ಧ ತಲೆಯ ಚರ್ಮ ಕಿತ್ಕೊಂಡು ಬಂತು. ಅವಳು ಕೂಗಿದ್ದು ಇನ್ನೂ ಕಿವೀಲಿದೆ. ಸೂಪರ್‌ವೈಸರ್ ಮಷೀನು ಒರೆಸಿ ಹದಿನೈದು ನಿಮಿಷಕ್ಕೆ ಮತ್ತೆ ಶುರು ಮಾಡಿಸಿದ. ಎಲ್ಲರೂ "ಅವಳ ಗ್ರಹಚಾರ" ಅಂದ್ರು. ನಾನು ಅನ್ನಲಿಲ್ಲ. ಜಡೆ ಎತ್ತಿ ಕಟ್ಟದೆ ಬಂದಿದ್ದಳು. ಕೆಲಸ ಗೊತ್ತಿರೋರಿಗೆ ಗ್ರಹಚಾರ ಬರಲ್ಲ.

ಅಲ್ಲಿಂದ ಹೊರಡು. ಕೈ ಮುಗೀತೀನಿ.

ಅಕ್ಕ

---

ಮಾರ್ಚ್ 25

ಅಕ್ಕಾ,

ಕೂತು ಕೇಳು. ಮೂವತ್ತಮೂರು ದಿನ ಆಟ ಆಯ್ತು. ಒಂದು ದಿನ, ಒಂದೇ ಒಂದು ದಿನ ನನ್ನ ಕಡ್ಡಿ ಮೊದಲು ಖಾಲಿ ಆಗಿಲ್ಲ! ನಾಲ್ಕು ದಿನಕ್ಕೊಂದು ಸಲ ತಲೆಗೆ ಬರುತ್ತೆ ಅಂದಿದ್ದೆಯಲ್ಲ, ಎಲ್ಲಿ ಬಂತು? ಈಗ ಹೇಳು ಅದೃಷ್ಟ ಅಂತ.

ಹೇಗೆ ಅಂತ ನನಗೂ ಬಿಡಿಸಿ ಹೇಳೋಕೆ ಬರಲ್ಲ. ಎದುರಿನವನು ಎಲೆ ಎತ್ತಿ ಎದೆಗೆ ಹಿಡಿದ ತಕ್ಷಣ ಒಳಗೆ ಏನೋ ಅನ್ನುತ್ತೆ, ಇವನ ಹತ್ರ ದೊಡ್ಡದಿದೆ, ಸುಮ್ಮನೆ ಎಲೆ ಕೆಳಗಿಡು ಅಂತ. ಇಡ್ತೀನಿ. ಇನ್ನೊಂದು ಸಲ ಅನ್ನುತ್ತೆ, ಇವನು ಬರೀ ಗಾಳಿ ಊದ್ತಿದಾನೆ, ಬಿಡಬೇಡ ಅಂತ. ಬಿಡಲ್ಲ. ಮುಖ ಓದೋ ವಿದ್ಯೆ ಕಣಕ್ಕಾ ಇದು. ಮೀಸೆ ಒಂದು ಸಲ ಮುಖಕ್ಕೆ ಟವೆಲ್ ಸುತ್ಕೊಂಡು ಆಡಿದ. ಆಗಲೂ ನನಗೆ ಗೊತ್ತಾಯ್ತು! ಕಣ್ಣಿನಲ್ಲೇ ಹಿಡಿದೆ ಅಂತ ಕಾಣುತ್ತೆ.

ಅವತ್ತು ಮೀಸೆ ಸೋತ. ಕುಳಿ ಹತ್ರ ಹೋಗೋ ಮುಂಚೆ ಒಂದು ಕಲ್ಲು ಎತ್ತಿ ನಮ್ಮ ಕಡೆ ಎಸೆದ, ನನ್ನ ಕಿವಿ ಪಕ್ಕದಲ್ಲೇ ಹೋಯ್ತು. ಆದ್ರೂ ಹೋದ. ಬದುಕಿ ಬಂದ, ಬಂದು ವಾಂತಿ ಮಾಡಿದ.

ಕನ್ನಡಕ ಮಾತ್ರ ನನ್ನ ವಿದ್ಯೆ ಒಪ್ಪಲ್ಲ. "ಕಲಸೋನಿಗೆ ಗೊತ್ತಿಲ್ಲ, ಹಂಚೋನಿಗೆ ಗೊತ್ತಿಲ್ಲ, ನಿನಗೆ ಮಾತ್ರ ಗೊತ್ತಾ? ಹೋಗಯ್ಯಾ" ಅಂತ ನಗ್ತಾನೆ. ಅವನು ಹಾಗಂದ್ರೆ ನನಗೆ ಕುರ್ಚಿ ಎತ್ತಬೇಕು ಅನ್ನಿಸಲ್ಲ, ಅದೇ ಆಶ್ಚರ್ಯ. ನಿನ್ನ ಪತ್ರ ಬಂದಾಗೆಲ್ಲ "ನಿಮ್ಮಕ್ಕ ಹೇಗಿದಾರೆ" ಅಂತ ಕೇಳ್ತಾನೆ. ನೀನು ಬೈದದ್ದನ್ನ ಓದಿ ಹೇಳಿದ್ರೆ ಖುಷಿ ಪಡ್ತಾನೆ. ಕೆಳಗೆ ಏನೋ ಬರೀಬೇಕಂತೆ, ಜಾಗ ಬಿಡ್ತಿದೀನಿ.

ಮೊಂಡ

*ನಮಸ್ಕಾರ. ನಿಮ್ಮ ತಮ್ಮನಿಗೆ ಊಟ, ಬಟ್ಟೆ, ಅಕ್ಷರ ಎಲ್ಲ ಕೊಟ್ಟಿರಿ. ಸೋಲುವುದನ್ನು ಮಾತ್ರ ಕಲಿಸಲಿಲ್ಲ. ನಾನು ಕಲಿಸಲು ನೋಡುತ್ತಿದ್ದೇನೆ, ದಿನಾ ನಾನೇ ಸೋಲುತ್ತಿದ್ದೇನೆ. ನನ್ನ ಕನ್ನಡಕದ ಕಡ್ಡಿ ಮುರಿದಿದೆ. ಅಲ್ಲಿ ಗಟ್ಟಿ ದಾರ ಸಿಕ್ಕರೆ ಒಂದು ಗೇಣು ಕಳಿಸಿ. ಇವನನ್ನು ನೋಡಿಕೊಳ್ಳುತ್ತೇನೆ, ಚಿಂತೆ ಬೇಡ.*

---

ಏಪ್ರಿಲ್ 19

ಮೊಂಡ,

ತಡವಾಯ್ತು. ಕೈ ಮೇಲೆ ಬಿಸಿನೀರು ಬಿದ್ದಿತ್ತು. ಅಕ್ಷರ ಸೊಟ್ಟಗಿದೆ, ಹೊಂದಿಸ್ಕೊಂಡು ಓದು.

ಕಟಿಂಗ್ ಮಷೀನು ಬಿಟ್ಟೆ. ಈಗ ತಪಾಸಣೆ ಮೇಜಿನಲ್ಲಿ ಕೂತು ಎಲೆ ನೋಡೋ ಕೆಲಸ. ಕೂತು ಮಾಡೋದು, ಆರಾಮ. ಬಡ್ತಿ ಅಂತಲೇ ಅಂದ್ಕೋ.

ದಾರ ಇಟ್ಟಿದೀನಿ. ಪುಸ್ತಕ ಹೊಲಿಯೋ ದಾರ, ಮೇಣ ಹಚ್ಚಿದ್ದು, ಹರಿಯಲ್ಲ. ಅವರಿಗೆ ನನ್ನ ನಮಸ್ಕಾರ ಹೇಳು. ಸೋಲೋದು ಕಲಿಸೋಕೆ ನಾನೂ ನೋಡಿದ್ದೆ, ಚಿಕ್ಕವನಿದ್ದಾಗ ನೀನು ಸೋತ್ರೆ ಎಲೆ ಕಚ್ಚಿ ಉಗುಳ್ತಿದ್ದೆ ಅಂತಾನೂ ಹೇಳು.

ಅಕ್ಕ

---

ಮೇ 4

ಅಕ್ಕಾ,

ಬಡ್ತಿ! ಅಂತೂ ಸೂಪರ್‌ವೈಸರನಿಗೆ ಕಣ್ಣು ಬಂತು. ಆದ್ರೆ ಅಕ್ಷರ ಏನಕ್ಕಾ ಅದು, ಕೋಳಿ ಕೆದಕಿದ ಹಾಗೆ! ದೊಡ್ಡ ಕೆಲಸ ಸಿಕ್ಕಿದ ಮೇಲೆ ತಮ್ಮನಿಗೆ ಬರೆಯೋಕೆ ಪುರಸೊತ್ತಿಲ್ಲ ಅನ್ನು.

ದಾರ ಸಿಕ್ಕಿದ ಕೂಡಲೇ ಕನ್ನಡಕ ಕೆಲಸ ಬಿಟ್ಟು ಕೂತ. ಕಿವಿ ಹತ್ರ ಸುತ್ತಿ ಗಂಟು ಹಾಕ್ಕೊಂಡ. ಉಳಿದ ದಾರವನ್ನ ಮಡಚಿ ಜೇಬಲ್ಲಿ ಇಟ್ಕೊಂಡಿದಾನೆ. ಡೋಲು ಕೀಟಲೆ ಮಾಡೋಕೆ ಹೋಗಿ ಒದೆ ತಿಂದ.

ಈಗ ಕೆಟ್ಟದ್ದು ಹೇಳ್ತೀನಿ. ಹೋದ ಮಂಗಳವಾರ ಡೋಲು ಸೋತಿದ್ದ. ಮೂರು ಗಂಟೆಗೆ ಹನ್ನೊಂದೇ ಸದ್ದು. ಅರ್ಧ ಗಂಟೆ ಕಾದು ನಡೆದ. ಕುಳಿಗೆ ಇನ್ನೂ ಇಪ್ಪತ್ತು ಹೆಜ್ಜೆ ಇತ್ತು, ಅದು ತಾನಾಗೇ ಸಿಡೀತು. ಡೋಲು ಮಗುಚಿ ಬಿದ್ದ. ಬಲಗಿವಿ ಪೂರ್ತಿ ಇಲ್ಲ, ಕೆನ್ನೆ ಹರಿದು ಒಳಗಿನ ಹಲ್ಲು ಕಾಣ್ತಿತ್ತು. ನಾನೂ ಕನ್ನಡಕವೂ ಹೊತ್ಕೊಂಡು ಬಂದ್ವಿ, ಅವನ ರಕ್ತ ನನ್ನ ಬೂಟಿನೊಳಗೆ ಇಳೀತು. ಬದುಕಿದಾನೆ. ಹದಿನೈದನೇ ದಿನಕ್ಕೆ ಮತ್ತೆ ಹಾರೆ ಹಿಡೀಬೇಕಂತೆ. ಈಗ ನಗಲ್ಲ, ನಕ್ಕರೆ ಹೊಲಿಗೆ ಬಿಡುತ್ತೆ.

ಅವತ್ತಿನ ಕೊನೆ ಆಟದಲ್ಲಿ ಅವನ ಎದುರು ಇದ್ದದ್ದು ನಾನೇ. ಅವನ ಹತ್ರ ಏನೂ ಇಲ್ಲ ಅಂತ ನನಗೆ ಗೊತ್ತಾಯ್ತು, ಹಿಂಡಿದೆ. ಏನ್ ಮಾಡ್ಲಿ? ಅವನಿಗೆ ಆಡೋಕೆ ಬರಲ್ಲ. ಆಟ ಬರದೋರು ಸೋಲ್ತಾರೆ. ಕನ್ನಡಕ ಅವತ್ತೂ "ಅದು ಅವನ ದುರದೃಷ್ಟ" ಅಂದ. ಹಾಗಂದ್ರೆ ನನ್ನ ತಪ್ಪಿಲ್ಲ ಅಂತ ಆಗುತ್ತಲ್ಲ, ಸಮಾಧಾನಕ್ಕೆ ಅಂದಿರಬೇಕು. ನನಗೆ ಅಂಥ ಸಮಾಧಾನ ಬೇಕಾಗಿಲ್ಲ. ನಾನು ಗೆದ್ದೆ, ನನ್ನ ಬಲದಿಂದ ಗೆದ್ದೆ.

ಅರುವತ್ತೇಳು ದಿನ ಆಯ್ತು ಅಕ್ಕಾ.

ಮೊಂಡ

---

ಮೇ 17

ಮೊಂಡ,

ನಿನ್ನ ಪತ್ರ ಬಂತು. ಡೋಲುವಿನ ವಿಷಯ ಓದಿ ಸಂಕಟ ಆಯ್ತು. ಮುಲಾಮು ಕಳಿಸಿದೀನಿ, ಗಾಯ ಒಣಗಿದ ಮೇಲೆ ಹಚ್ಚಲಿ.

ಒಂದು ಮಾತು ಕೇಳಬೇಕಿತ್ತು. ಈಗಲೂ ನಾನು ಕಳಿಸಿದ ಕಟ್ಟಿನಲ್ಲೇ ಆಡ್ತಿದೀರಾ? ಬೇರೆ ಕಟ್ಟು ಬಂದಿಲ್ಲ ತಾನೇ? ಅದನ್ನ ಜೋಪಾನವಾಗಿ ಇಟ್ಕೋ. ಆಟ ಮುಗಿದ ಮೇಲೆ ನೀನೇ ಎತ್ತಿಡು, ಬೇರೆಯವರ ಕೈಗೆ ಕೊಡಬೇಡ. ಹಳತಾಯ್ತು ಅಂತ ಯಾರಾದ್ರೂ ಹೊಸದು ತಂದ್ರೆ ಬೇಡ ಅನ್ನು.

ಮತ್ತೆ, ಬೇರೆ ಕೆಲಸ ಹುಡುಕು ಅಂದಿದ್ದೆ. ಹುಡುಕಿದೀಯಾ? ಬೇಗ ಹುಡುಕು.

ಅಕ್ಕ

---

ಜೂನ್ 2

ಅಕ್ಕಾ,

ಕನ್ನಡಕ ಹೋದ.

ನಿನ್ನೆ. ನಾನೇ ಸೋಲಿಸಿದೆ. ಡೋಲುವಿನ ಗಾಯ ಮತ್ತೆ ಬಿಟ್ಕೊಂಡು ಆಡೋ ಸ್ಥಿತೀಲಿರಲಿಲ್ಲ, ನಾವು ಮೂರೇ ಜನ ಆಡ್ತಿದ್ವಿ. ಕನ್ನಡಕನ ಹತ್ರ ಏಳು ಕಡ್ಡಿ ಉಳಿದಿತ್ತು. ಕೈಯಲ್ಲಿ ರಾಣಿ ಜೋಡಿ ಇತ್ತು, ಆಮೇಲೆ ನೋಡಿದೆ. ನನ್ನ ಹತ್ರ ರಾಜ ಜೋಡಿ. ಅವನು ಎಲೆ ಎತ್ತಿದ ಕೂಡಲೇ ನನಗೆ ಗೊತ್ತಾಯ್ತು, ಇವನ ಹತ್ರ ಎಕ್ಕ ಇಲ್ಲ, ರಾಜ ಇಲ್ಲ ಅಂತ. ಪುಸ್ತಕ ಓದಿದ ಹಾಗೆ ಗೊತ್ತಾಯ್ತು ಅಕ್ಕಾ! ಏಳೂ ಕಡ್ಡಿ ಮುಂದೆ ತಳ್ಳಿದ. ನಾನೂ ತಳ್ಳಿದೆ. ಎಲೆ ತಿರುಗಿಸಿದಾಗ "ಅಬ್ಬಾ, ಏನು ಅದೃಷ್ಟವಯ್ಯಾ ನಿಂದು" ಅಂದು ನಕ್ಕ. ನಾನು "ಅದೃಷ್ಟ ಅಲ್ಲ ಮೇಷ್ಟ್ರೇ, ವಿದ್ಯೆ" ಅಂದೆ. ಅವನಿಗೆ ನಾನು ಹೇಳಿದ ಕೊನೇ ಮಾತು ಅದು.

ಹನ್ನೊಂದು ಸದ್ದು. ಅರ್ಧ ಗಂಟೆ ಕಾದ, ಇನ್ನೂ ಹತ್ತು ನಿಮಿಷ ಹೆಚ್ಚೇ ಕಾದ. ನೀರಿನ ಡಬ್ಬಿ ಹಿಡ್ಕೊಂಡು ಹೋದ. ಕುಳಿ ಮುಂದೆ ಮಂಡಿಯೂರಿ ಕೂತ, ಬಗ್ಗಿ ನೋಡಿದ. ಆಮೇಲೆ ಅವನು ಇರಲಿಲ್ಲ. ಸದ್ದು ಆಮೇಲೆ ಬಂತು. ಕಲ್ಲಿನ ಜೊತೆ ಅವನೂ ನಮ್ಮ ಮೇಲೆ ಬಿದ್ದ, ತುಂಡು ತುಂಡಾಗಿ. ನನ್ನ ಕುತ್ತಿಗೆ ಮೇಲೆ ಬಿಸಿಯಾಗಿ ಏನೋ ಬಿತ್ತು, ನಾನು ನೋಡದೆ ತೆಗೆದು ಹಾಕಿದೆ. ಕೈ ಇನ್ನೂ ತೊಳೀತಾ ಇದೀನಿ.

ಅವನ ಕನ್ನಡಕ ಸಿಕ್ತು. ಗಾಜು ಒಡೆದಿದೆ. ನಿನ್ನ ದಾರ ಹರಿದಿಲ್ಲ.

ಮೀಸೆ ನನ್ನ ಕೊರಳಪಟ್ಟಿ ಹಿಡಿದ. "ತೊಂಬತ್ತು ದಿನ ಕಣೋ, ಒಂದು ಸಲಾನೂ ನೀನು ಸೋತಿಲ್ಲ, ಹೆಂಗೋ?" ಅಂದ. ವಿದ್ಯೆ ಅಂದೆ. ಹೊಡೆದ. ನಾನೂ ಹೊಡೆದೆ. ಅವನ ರಕ್ತಾನೋ ನಂದೋ ಕನ್ನಡಕಂದೋ ಗೊತ್ತಾಗದ ಹಾಗೆ ಇಬ್ಬರೂ ಹೊರಳಾಡಿದ್ವಿ. ಡೋಲು ನಮ್ಮ ಮೇಲೆ ನೀರು ಸುರಿದು ಬಿಡಿಸಿದ.

ಅಕ್ಕಾ, ಅವನು ಕೆಟ್ಟದಾಗಿ ಆಡಿದ. ರಾಣಿ ಜೋಡಿ ಇಟ್ಕೊಂಡು ಏಳು ಕಡ್ಡಿ ತಳ್ಳಬಾರದಿತ್ತು. ತಪ್ಪು ಅವನದ್ದೇ ಅಲ್ವಾ? ನಾನು ಆಡೋ ಹಾಗೆ ಆಡಿದೆ. ಹೌದು ಅಂತ ಬರಿ. ನೀನು ಹೌದು ಅಂದ್ರೆ ನನಗೆ ನಿದ್ದೆ ಬರುತ್ತೆ.

ಮೊಂಡ

---

ಜೂನ್ 9

ಮೊಂಡ,

ಹೌದು ಅಂತ ಬರೆಯೋಕೆ ಆಗಲ್ಲ ಕಣೋ. ಇದನ್ನ ಒಬ್ಬನೇ ಕೂತು ಓದು. ಓದಿದ ಮೇಲೆ ಸುಟ್ಟು ಹಾಕು.

ಕೈ ಮೇಲೆ ಬಿಸಿನೀರು ಬಿದ್ದಿರಲಿಲ್ಲ. ಏಪ್ರಿಲ್ 2ನೇ ತಾರೀಕು ಬ್ಲೇಡು ನನ್ನ ಬಲಗೈಯ ಎರಡು ಬೆರಳು ತಗೊಂಡು ಹೋಯ್ತು, ತೋರುಬೆರಳು, ನಡುಬೆರಳು. ಹಾಳೆಗಳ ಮೇಲೆ ಬಿದ್ದವು. ಅವು ನನ್ನವು ಅಂತ ಗೊತ್ತಾಗೋಕೆ ಒಂದು ಕ್ಷಣ ಬೇಕಾಯ್ತು. ನೀನು ಕೋಳಿ ಕೆದಕಿದ ಹಾಗಿದೆ ಅಂದೆಯಲ್ಲ, ಅದು ನನ್ನ ಎಡಗೈ ಅಕ್ಷರ. ಬಡ್ತಿ ಅಲ್ಲ, ಕೈ ಹೋದೋಳಿಗೆ ಕರುಣೆಯಿಂದ ಕೊಟ್ಟ ಮೂಲೆ.

ಎಲ್ಲರಿಗೂ ಗ್ರಹಚಾರ ಅಂದೆ. ಸುಳ್ಳು. ತಡೆಪಟ್ಟಿಯ ಸಂದಿಗೆ ಒಂದು ಎಲೆ ಮಡಚಿ ಸಿಕ್ಕಿಸಿದೀನಿ ಅಂತ ನಿನಗೆ ಜಂಬದಿಂದ ಬರೆದಿದ್ದೆ. ಆ ಎಲೆ ಜಾರಿ ಹೊರಗೆ ಬಂತು. ಮಷೀನು ನಿಲ್ಲಿಸದೆ ಅದನ್ನ ಒತ್ತೋಕೆ ಕೈ ಹಾಕಿದೆ. ಅದೇ ಪಕ್ಕದವಳ ಜಡೆ ಸಿಕ್ಕಾಗ ನಾನು ಏನಂದಿದ್ದೆ, ನೆನಪಿದೆಯಾ?

ಅಷ್ಟಕ್ಕೇ ಮುಗಿದಿದ್ರೆ ನನ್ನ ಬೆರಳು ನನ್ನ ಪಾಡು ಅಂತಿದ್ದೆ. ಅಂಚು ಸರಿಯಿಲ್ಲ ಅಂತ ಯಾರೋ ಅಳೆದು ದೂರು ಕೊಟ್ರಂತೆ, ಮೇ ತಿಂಗಳ ಮೊದಲ ವಾರ ಅಂಗಡಿಗಳಿಂದ ಕಟ್ಟುಗಳು ವಾಪಸು ಬಂದವು. ನನ್ನ ಮೇಜಿಗೇ ತಂದು ಸುರಿದ್ರು. ಎಲೆಗಳನ್ನ ಬೆನ್ನು ಮೇಲೆ ಮಾಡಿ ಹರಡಿದೆ. ಎಂಟು ಎಲೆಗಳ ಬಿಳಿ ಅಂಚು ಒಂದು ಬದಿಗೆ ಕಿರಿದು, ಕೂದಲೆಳೆಯಷ್ಟು. ಬೇರೆ ಯಾರಿಗೂ ಕಾಣಲ್ಲ, ಅಳತೆಪಟ್ಟಿ ಇಟ್ರೆ ಮಾತ್ರ ಗೊತ್ತಾಗುತ್ತೆ. ತಿರುಗಿಸಿ ನೋಡಿದೆ. ನಾಲ್ಕು ಎಕ್ಕ, ನಾಲ್ಕು ರಾಜ. ಅಚ್ಚಿನ ಹಾಳೆಯಲ್ಲಿ ಅವು ಕೊನೆ ಸಾಲಲ್ಲಿ ಬರ್ತವೆ. ನಾನು ಸಿಕ್ಕಿಸಿದ ಎಲೆ ಒಂದು ಕೂದಲೆಳೆ ಕುಸಿದಾಗೆಲ್ಲ ಕೊನೆ ಸಾಲು ತಪ್ಪಿ ಕತ್ತರಿಸಿದೆ. ನಿನಗೆ ಕಳಿಸಿದ ಕಟ್ಟು ಪಟ್ಟಿ ಅಲ್ಲಾಡ್ತಿದ್ದ ಆ ತಿಂಗಳದ್ದೇ.

ನೀನು ಮುಖ ಓದ್ತಿರಲಿಲ್ಲ ಮಗಾ. ಅಂಚು ಓದ್ತಿದ್ದೆ. ಚಿಕ್ಕವನಿದ್ದಾಗ ಅಡುಗೆಮನೇಲಿ ಕೂತು ಸೊಟ್ಟ ಅಂಚು ಆರಿಸಿದ ಕಣ್ಣು ಅದು. ಆ ಕೆಲಸಕ್ಕೆ ನಿನ್ನನ್ನ ಕೂರಿಸಿದವಳೂ ನಾನೇ. ನಿನಗೆ ಗೊತ್ತಿಲ್ಲದೆ ನಿನ್ನ ಕಣ್ಣು ಎಕ್ಕ ಯಾರ ಹತ್ರ ಇದೆ, ರಾಜ ಯಾರ ಹತ್ರ ಇದೆ ಅಂತ ನೋಡಿ ಹೇಳ್ತಿತ್ತು. ಟವೆಲ್ ಸುತ್ಕೊಂಡ್ರೂ ಗೊತ್ತಾಗಿದ್ದು ಅದಕ್ಕೇ.

ಇನ್ನೂ ಇದೆ. ಮೇ 17ರ ಪತ್ರ ಬರೆಯೋವಾಗ ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬರೀಲಿಲ್ಲ. ಬರೆದ್ರೆ ನೀನು ಆ ಕಟ್ಟು ಬಿಸಾಕ್ತೀಯ, ನಾಲ್ಕರಲ್ಲೊಬ್ಬ ಆಗಿ ಬಂಡೆ ಹತ್ರ ಹೋಗ್ತೀಯ ಅಂತ ಹೆದರಿದೆ. ನನ್ನ ತಮ್ಮ ಬದುಕಲಿ, ಮಿಕ್ಕವರು ಏನಾದ್ರೂ ಆಗಲಿ ಅಂದ್ಕೊಂಡೆ. ಅದಕ್ಕೇ ಜೋಪಾನವಾಗಿ ಇಟ್ಕೋ ಅಂದೆ. ಆ ಮಿಕ್ಕವರಲ್ಲಿ ಅವರೂ ಇದ್ರು. ಅವರು ಬರೆದ ನಾಲ್ಕು ಸಾಲು ನನ್ನ ದಿಂಬಿನ ಕೆಳಗಿದೆ. ದಿನಾ ಓದ್ತಿದ್ದೆ. ಈ ವಯಸ್ಸಿಗೆ ನನಗೆ ಯಾರೋ ಹಾಗೆ ಬರೆದಿದ್ದು ಅದೇ ಮೊದಲು. ಈಗ ನನ್ನ ಮಷೀನು, ನನ್ನ ಮೌನ ಎರಡೂ ಸೇರಿ ಅವರನ್ನ ಕೊಂದವು.

ನಿನ್ನ ತಪ್ಪಿಲ್ಲ. ನಿನಗೆ ಗೊತ್ತಿರಲಿಲ್ಲ. ಕಟ್ಟು ಸುಡು. ಯಾರಿಗೂ ಹೇಳಬೇಡ, ಹೇಳಿದ್ರೆ ಆ ಮೀಸೆ ನಿನ್ನನ್ನ ಜೀವ ಸಹಿತ ಬಿಡಲ್ಲ. ಓದಿದ ದಿನವೇ ಹೊರಟು ಬಾ. ಪೊಲೀಸರು ಹಿಡಿದ್ರೂ ಚಿಂತೆಯಿಲ್ಲ, ಜೈಲಲ್ಲಿ ಬಂಡೆ ಸಿಡಿಯಲ್ಲ. ಬಾರೋ, ನಿನ್ನ ಕಾಲು ಹಿಡೀತೀನಿ.

ಅಕ್ಕ

---

ಜೂನ್ 28

ಅಕ್ಕಾ,

ಅಕ್ಷರ ನೋಡಿ ನಗಬೇಡ. ಈಗ ಇಬ್ಬರದ್ದೂ ಒಂದೇ ಕೋಳಿ.

ನಿನ್ನ ಪತ್ರ ಬಂದ ದಿನ ಬೆಳಗ್ಗೆ ಕಟ್ಟನ್ನ ಬಿಸಿಲಲ್ಲಿ ಬೆನ್ನು ಮೇಲೆ ಮಾಡಿ ಹರಡಿದೆ. ಕಣ್ಣಿಗೆ ಬಿದ್ದದ್ದನ್ನ ಎತ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಎಂಟು ಎತ್ತಿದೆ. ತಿರುಗಿಸಿದೆ. ಒಂದೂ ತಪ್ಪಿರಲಿಲ್ಲ. ಅಲ್ಲೇ ಕೂತು ಅತ್ತೆ. ಕನ್ನಡಕ ಹೋದಾಗಲೂ ನಾನು ಅತ್ತಿರಲಿಲ್ಲ.

ಯಾರಿಗೂ ಹೇಳಬೇಡ ಅಂದಿದ್ದೆ. ಹೇಳಿದೆ. ಊಟದ ಹೊತ್ತಿಗೆ ಮೀಸೆ, ಡೋಲು ಇಬ್ಬರನ್ನೂ ಕೂರಿಸಿ ಎಂಟೂ ಎಲೆ ತೋರಿಸಿದೆ. ನಿನ್ನ ವಿಷಯ ಎತ್ತಲಿಲ್ಲ, ನಾನೇ ಗುರುತು ಮಾಡ್ಕೊಂಡು ಆಡಿದೆ ಅಂದೆ. ಗೊತ್ತಿಲ್ಲದೆ ಗೆದ್ದೆ ಅಂದ್ರೆ ಯಾರು ನಂಬ್ತಾರೆ? ಬರೀ ಅದೃಷ್ಟ ಇತ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ ಅನ್ನೋದೂ ನಿಜ. ಅದಕ್ಕಿಂತ ಕಳ್ಳ ಅನ್ನಿಸ್ಕೊಳ್ಳೋದೇ ಸುಲಭ ಅನ್ನಿಸ್ತು. ನಾನು ಇನ್ನೂ ಅದೇ ಮೊಂಡ.

ಮೀಸೆ ನನ್ನ ಬಲಗೈ ಹಿಡಿದು ಬಂಡೆ ಮೇಲೆ ಚಪ್ಪಟೆ ಇಟ್ಟ. ನಾನು ಎಳ್ಕೊಳ್ಳಲಿಲ್ಲ. ದೊಡ್ಡ ಸುತ್ತಿಗೆಯನ್ನ ಡೋಲು ಕೈಗೆ ಕೊಟ್ಟ, "ಕಿವಿ ನಿಂದು, ನೀನು ಹೊಡಿ" ಅಂದ. ಡೋಲು ಒಂದು ಸಲ ಹೊಡೆದ, ಸುತ್ತಿಗೆ ಬಿಸಾಕಿ ಮಗು ಥರ ಅಳೋಕೆ ಶುರು ಮಾಡಿದ. ಉಳಿದ ಮೂರು ಏಟು ಮೀಸೆ ಹೊಡೆದ. ಎಲುಬು ಮುರಿಯೋದು ಒಣಗಿದ ಪುಳ್ಳೆ ತುಳಿದ ಹಾಗೆ ಕೇಳಿಸ್ತು. ನಾಲ್ಕನೇದಕ್ಕೆ ನನಗೆ ಎಚ್ಚರ ಇರಲಿಲ್ಲ.

ಎದ್ದಾಗ ಮೀಸೆಯೇ ಕೈಗೆ ಬಟ್ಟೆ ಸುತ್ತುತ್ತಿದ್ದ. ಕೊಲ್ಲಬೇಕು ಅಂತಿದ್ದನಂತೆ. "ಹೇಳದೆ ಇದ್ದಿದ್ರೆ ನಮಗೆ ಸಾಯೋ ತನಕ ಗೊತ್ತಾಗ್ತಿರಲಿಲ್ಲವಲ್ಲೋ, ಯಾಕೆ ಹೇಳಿದೆ?" ಅಂದ. ಕಟ್ಟನ್ನ ಒಲೆಗೆ ಹಾಕಿದ್ವಿ. ಈಗ ಮತ್ತೆ ಪಾಳಿ. ಮೀಸೆ ತನ್ನ ಪಾಳಿ ತಪ್ಪಿಸಲ್ಲ, ಹೋದ ವಾರ ಅವನೇ ಹೋಗಿ ಬಂದ.

ಇದನ್ನ ಮಧ್ಯಾಹ್ನ ಬರೀತಿದೀನಿ, ಈಗ ಬತ್ತಿ ಹಚ್ಚಿದಾರೆ. ಎಣಿಸ್ತಾ ಇದೀನಿ.

ಹನ್ನೊಂದು.

ಇವತ್ತು ನನ್ನ ಪಾಳಿ. ಪತ್ರದ ಮೇಲೆ ಕಲ್ಲು ಇಟ್ಟು ಹೋಗ್ತೀನಿ.

ಬಂದೆ. ಒಂದು ಗಂಟೆ ಆಗಿದೆ, ಎಡಗೈಯಲ್ಲೇ ಮತ್ತೆ ಬರೀತಿದೀನಿ, ಅಕ್ಷರ ಇನ್ನೂ ಕೆಟ್ಟಿದೆ. ಏಳನೇ ಕುಳಿ. ಬಗ್ಗಿ ನೋಡಿದೆ. ಬತ್ತಿ ಮದ್ದಿನ ಹತ್ತಿರದವರೆಗೂ ಸುಟ್ಟು, ಉಗುರಿನಷ್ಟು ಉಳಿದಾಗ ಆರಿತ್ತು. ಯಾಕೆ ಆರಿತು ಅಂತ ಗೊತ್ತಿಲ್ಲ. ಕನ್ನಡಕನೂ ನನ್ನ ಹಾಗೇ ನೀರಿನ ಡಬ್ಬಿ ಹಿಡಿದಿದ್ದ, ಹಾಗೇ ಮಂಡಿಯೂರಿದ್ದ, ನನಗಿಂತ ಹುಷಾರಿದ್ದ. ಅವನದ್ದು ಆರಲಿಲ್ಲ. ಅಷ್ಟೇ ಅಕ್ಕಾ. ಅವನು ಮೂರು ತಿಂಗಳು ಹೇಳಿದ್ದನ್ನ ಇವತ್ತು ಒಪ್ಕೊಂಡೆ, ಕೇಳೋಕೆ ಅವನಿಲ್ಲ.

ಬಾ ಅಂತ ಕರೆದೆ. ಬರಲ್ಲ, ಬೈಕೋಬೇಡ. ನಾನು ಬಂದ್ರೆ ಒಂದೇ ಕಿವಿಯ ಡೋಲುಗೆ ಪಾಳಿ ಬೇಗ ಬೇಗ ಬರುತ್ತೆ. ಕನ್ನಡಕನ ಹೆಸರನ್ನ ಪಾಳಿಯಿಂದ ತೆಗೆಯೋಣ ಅಂತ ಮೀಸೆ ಅಂದ. ಬೇಡ, ಇರಲಿ ಅಂದೆ. ತೊಂಬತ್ತು ದಿನ ನನ್ನ ಬದಲು ಅವರೆಲ್ಲ ಹೋಗಿದಾರೆ.

ನಿನ್ನ ದಾರ ಒಗೆದು ಒಣಗಿಸಿ ಈ ಪತ್ರದ ಜೊತೆ ಇಟ್ಟಿದೀನಿ. ಅವನ ನಾಲ್ಕು ಸಾಲಿನ ಜೊತೆ ಇಟ್ಕೋ. ಒಂದು ಗಂಟು ಬಿಚ್ಚಲಿಲ್ಲ, ಅದು ಅವನೇ ಹಾಕಿದ್ದು.

ನಾಳೆ ಕನ್ನಡಕನ ಪಾಳಿ. ನಾನು ಹೋಗ್ತೀನಿ.

ಮೊಂಡ